ಸಲೋಮಿ ಅಜ್ಜಿಯ ‘ಇಲ್ಲ’

ಹೊರಗೆ ಜಗಲಿಯಲ್ಲಿ ಅಜ್ಜ, ಒಳಗೆ ಒಲೆಯ ಬಳಿ ಅಜ್ಜಿ, ಇಬ್ಬರ ನಡುವೆ ಒಂದು ಮುಚ್ಚಿದ ಬಾಗಿಲು, ಬಾಗಿಲಿನ ಹಿಂದೆ ನಾನು. ಆ ಶುಕ್ರವಾರ ಸಂಜೆ ಮನೆಯಲ್ಲಿ ಇದ್ದದ್ದು ಇಷ್ಟೇ ಜನ. ಸ್ವಲ್ಪ ಹೊತ್ತಿನ ಮುಂಚೆ ಅಜ್ಜ ಇದೇ ಮನೆಯ ಮಣೆಯ ಮೇಲೆ ಕುಳಿತು ಬೆಲ್ಲದ ಕಾಪಿ ಕುಡಿದಿದ್ದರು. ಲೋಟ ಕೆಳಗಿಟ್ಟರು, ಗೂಟದಿಂದ ಕರಿಯ ಕೋಟು ತೆಗೆದು ಹಾಕಿಕೊಂಡರು, ಗುಂಡಿಗಳನ್ನು ಕುತ್ತಿಗೆಯವರೆಗೆ ಬಿಗಿದರು, ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಆಮೇಲೆ ತಮ್ಮ ಮನೆಯ ಬಾಗಿಲನ್ನು ತಾವೇ ಮೂರು ಸಲ ತಟ್ಟಿದರು.

“ಯಾರದು?” ಎಂದಳು ಅಜ್ಜಿ, ಗೊತ್ತಿಲ್ಲದವಳ ಹಾಗೆ.

“ಸಭೆಯ ಹಿರಿಯ.”

“ಬನ್ನಿ. ಕಾಲು ಒರೆಸಿ ಬನ್ನಿ, ಈಗ ಗುಡಿಸಿದ್ದು.”

ಅಜ್ಜ ಕಾಲು ಒರೆಸಿ ಒಳಗೆ ಬಂದರು. ಕುಳಿತುಕೊಳ್ಳಲಿಲ್ಲ. ಹಿರಿಯರಾಗಿ ಬಂದಾಗ ಅವರು ನಮ್ಮಲ್ಲಿ ಕುಳಿತುಕೊಳ್ಳುವುದಿಲ್ಲ. ಗೋಡೆಯನ್ನು ನೋಡುತ್ತಾ ಕೇಳಿದರು.

“ಸಲೋಮಿ, ನಿನಗೆ ದೇವರೊಟ್ಟಿಗೂ ನೆರೆಯವರೊಟ್ಟಿಗೂ ಸಮಾಧಾನ ಉಂಟೋ?”

“ಇಲ್ಲ,” ಎಂದಳು ಅಜ್ಜಿ.

ಅಜ್ಜ ತಲೆ ತಗ್ಗಿಸಿ ಹೊರಗೆ ಹೋದರು. ಪಕ್ಕದ ಮನೆಯ ಬಾಗಿಲು ತಟ್ಟುವ ಸದ್ದು ಕೇಳಿತು. ಅಜ್ಜಿ ಬಾಣಲೆಗೆ ಸಾಸಿವೆ ಹಾಕಿದಳು.

ನಮ್ಮ ಕ್ರೈಸ್ತ ಸಭೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು, ಈಗಿನವರಿಗೆ ಗೊತ್ತಿಲ್ಲ. ಕರ್ತನ ಭೋಜನ ಆಗ ವರ್ಷಕ್ಕೆ ನಾಲ್ಕೇ ಸಲ. ಅದರ ಹಿಂದಿನ ಶುಕ್ರವಾರ ಹಿರಿಯರೊಬ್ಬರು ಲೈನಿನ, ಅಂದರೆ ಗುಡ್ಡದ ಮೇಲಿನ ನಮ್ಮ ಸಾಲುಮನೆಗಳ, ಮನೆ ಮನೆಗೆ ಹೋಗಿ ದೊಡ್ಡವರೊಬ್ಬೊಬ್ಬರನ್ನೂ ಈ ಪ್ರಶ್ನೆ ಕೇಳಬೇಕು. ‘ಉಂಟು’ ಎಂದವರು ಆದಿತ್ಯವಾರ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದು. ‘ಇಲ್ಲ’ ಎಂದವರು ಬೆಂಚಿನಲ್ಲೇ ಕುಳಿತಿರಬೇಕು. ಇಷ್ಟೇ ನಿಯಮ. ಎಲ್ಲರೂ ‘ಉಂಟು’ ಎನ್ನುತ್ತಿದ್ದರು. ನಮ್ಮ ನೆರೆಮನೆಯ ದೋರ್ಕಮ್ಮನೂ ಅವಳ ನಾದಿನಿಯೂ ಬಾವಿಕಟ್ಟೆಯಲ್ಲಿ ಹಗ್ಗಕ್ಕಾಗಿ ಜುಟ್ಟು ಹಿಡಿದು ಎಳೆದಾಡಿದ್ದು ಗುರುವಾರ. ಶುಕ್ರವಾರ ಒಂದೇ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಒಂದೇ ರಾಗದಲ್ಲಿ ‘ಉಂಟು’ ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ಇಡೀ ಗುಡ್ಡದಲ್ಲಿ ‘ಇಲ್ಲ’ ಎಂದ ಹೆಂಗಸು ನನ್ನ ಅಜ್ಜಿ ಒಬ್ಬಳೇ. ಇದನ್ನೆಲ್ಲ ಬರೆಯಬೇಡಿ, ಹಿರಿಯರ ಹೆಸರು ಕೆಡುತ್ತದೆ ಎಂದು ನಮ್ಮ ಸಭೆಯ ಕೆಲವರು ನನಗೆ ಬುದ್ಧಿ ಹೇಳಿದ್ದಾರೆ. ಹೇಳಲಿ. ನಾನು ನಂಬಿಕೆ ಎಂದರೆ ಏನೆಂದು ಕಲಿತದ್ದು ಆ ‘ಇಲ್ಲ’ದಿಂದ. ಸಾವಿರ ‘ಉಂಟು’ಗಳಿಂದ ಕಲಿತಿದ್ದರೆ ಅದನ್ನೇ ಬರೆಯುತ್ತಿದ್ದೆ.

ನನ್ನ ತಂದೆ ಘಟ್ಟದ ಮೇಲೆ ಉಪದೇಶಿಯಾಗಿದ್ದರು. ಅಲ್ಲಿ ಹೆಣ್ಣುಮಕ್ಕಳ ಶಾಲೆ ಇಲ್ಲವೆಂದು ನನ್ನನ್ನು ಮಂಗಳೂರಿನಲ್ಲಿ ಅಜ್ಜ ಅಜ್ಜಿಯರ ಬಳಿ ಬಿಟ್ಟಿದ್ದರು. ನಮ್ಮ ಮನೆ ಹೆಂಚಿನ ಕಾರ್ಖಾನೆಯ ಮೇಲಿನ ಗುಡ್ಡದಲ್ಲಿ, ಸಾಲುಮನೆಗಳಲ್ಲಿ ಮೂರನೆಯದು. ಎರಡು ಕೋಣೆ, ಒಂದು ಜಗಲಿ, ಹಿಂದೆ ಬಚ್ಚಲು. ಜಗಲಿಯಲ್ಲಿ ನಿಂತರೆ ಕೆಳಗೆ ಚಿಮಣಿ, ಅದರಾಚೆ ನೇತ್ರಾವತಿ, ಅದರಾಚೆ ತೆಂಗಿನ ತಲೆಗಳು. ಅಜ್ಜ ಭಟ್ಟಿಯ ಮೇಸ್ತ್ರಿ. ಬೆಂಕಿಯ ಬಣ್ಣ ನೋಡಿ ಒಳಗಿನ ಹೆಂಚು ಬೆಂದಿದೆಯೋ ಇಲ್ಲವೋ ಹೇಳುವವರು. ಅಜ್ಜಿ ಹಸಿ ಹೆಂಚನ್ನು ಹಲಗೆಯ ಮೇಲಿಟ್ಟು ಒಣಗಿಸುವ ಚಪ್ಪರಕ್ಕೆ ಹೊರುವವಳು. ಅಜ್ಜನ ಭಟ್ಟಿ ಆದಿತ್ಯವಾರ ಉರಿಯುತ್ತಿರಲಿಲ್ಲ. ಸೋಮವಾರ ಹೊತ್ತಿಸಿದ ಬೆಂಕಿ ಶನಿವಾರ ಆರಬೇಕೆಂದು ಅವರು ಸೌದೆಯನ್ನು ಅಳೆದು ತೂಗಿ ಹಾಕುತ್ತಿದ್ದರು. ಒಂದು ಮಳೆಗಾಲ ಸೌದೆ ಒದ್ದೆಯಾಗಿ ಶನಿವಾರಕ್ಕೂ ಹೆಂಚು ಬೇಯಲಿಲ್ಲ. ಇನ್ನೊಂದು ದಿನ ಉರಿಸಿದ್ದರೆ ಆಗುತ್ತಿತ್ತು. ಅಜ್ಜ ಒಪ್ಪಲಿಲ್ಲ, ದೇವರ ದಿನ ಎಂದು ಭಟ್ಟಿಯ ಬಾಯಿ ಮುಚ್ಚಿಸಿದರು. ಇಡೀ ಭಟ್ಟಿಯ ಹೆಂಚು ಅರೆಬೆಂದು ಹೊರಗೆ ಬಂತು. ಪೇಟೆಯಲ್ಲಿ ಅದನ್ನು ಯಾರು ಕೊಳ್ಳುತ್ತಾರೆ? ಎಲ್ಲವನ್ನೂ ನಮ್ಮ ಲೈನಿನ ಮನೆಗಳಿಗೇ ಹೊದೆಸಿದರು. ಅಂದಿನಿಂದ ಆಷಾಢದಲ್ಲಿ ನಾವು ಕೊಡಪಾನ, ಚೆಂಬು, ತಟ್ಟೆ ಎಲ್ಲವನ್ನೂ ಸೋರುವ ಕಡೆಗೆ ಇಡುತ್ತಿದ್ದೆವು. “ದೇವರ ದಿನ ಸೋರ್ತಾ ಉಂಟು, ಪಾತ್ರೆ ತೆಗೊಂಡು ಬಾ,” ಎನ್ನುತ್ತಿದ್ದಳು ಅಜ್ಜಿ.

ಅಡುಗೆಮನೆಯಲ್ಲೂ ಅದೇ ಕಾನೂನು. ಆದಿತ್ಯವಾರ ಒಲೆ ಹೊತ್ತಿಸುವ ಹಾಗಿಲ್ಲ. ಹಾಗಾಗಿ ಅಜ್ಜಿಗೆ ಶನಿವಾರ ಎರಡು ದಿನದ ಕೆಲಸ. ಕಾರ್ಖಾನೆಯಿಂದ ಬಂದು ಸೊಂಟದ ಮಣ್ಣು ತೊಳೆದವಳೇ ಅಕ್ಕಿ ಕಡೆಯುವುದು, ಪುಂಡಿ ಎಂಬ ಅಕ್ಕಿಯ ಉಂಡೆ ಕಟ್ಟಿ ಬೇಯಿಸುವುದು, ಬಂಗುಡೆಗೆ ಮಸಾಲೆ ಅರೆಯುವುದು, ನೀರು ತುಂಬಿಸುವುದು, ಅಜ್ಜನ ಬಿಳಿ ಮುಂಡಿಗೆ ಗಂಜಿ ಹಾಕುವುದು. ಮರುದಿನ ತಣ್ಣಗಾದ ಪುಂಡಿಯನ್ನು ತಣ್ಣನೆಯ ಸಾರಿನಲ್ಲಿ ಅದ್ದಿ ತಿನ್ನುತ್ತಾ ಅಜ್ಜ ಸಂತೃಪ್ತಿಯಿಂದ, “ಎಂಥ ವಿಶ್ರಾಂತಿ ನೋಡು, ಊರಿಡೀ ಗಲಾಟೆ, ನಮ್ಮಲ್ಲಿ ಮಾತ್ರ ಶಾಂತಿ,” ಎನ್ನುವರು. ಅಜ್ಜಿ ಒಮ್ಮೆ, “ಹೌದು, ನೀವು ವಿಶ್ರಾಂತಿ ತೆಗೊಂಡು ತೆಗೊಂಡು ನನ್ನ ಸೊಂಟ ಹೋಯಿತು,” ಎಂದಿದ್ದಳು. ಅಜ್ಜ ನಗಲಿಲ್ಲ. ಅವರು ಕೆಟ್ಟವರಲ್ಲ, ಜ್ವರ ಬಂದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿದವರು. ಆದರೆ ದೇವರ ವಿಷಯಕ್ಕೆ ಬಂದರೆ ಅವರಿಗೆ ನಗು ಬರುತ್ತಿರಲಿಲ್ಲ.

ಅಜ್ಜಿಯ ‘ಇಲ್ಲ’ ಶುರುವಾದದ್ದು ನನ್ನ ಚಿಕ್ಕಪ್ಪ ಯೋಸೇಫನಿಂದ. ಅವನು ಅಜ್ಜನ ಕೈಕೆಳಗೆ ಭಟ್ಟಿಯಲ್ಲಿದ್ದ. ಬೆಂಕಿಯ ಹುಚ್ಚು ಅವನಿಗೆ ಅಪ್ಪನಿಂದಲೇ ಬಂದದ್ದು. ಆದರೆ ಅಪ್ಪ ಅವನನ್ನು ಭಟ್ಟಿಯ ಬಾಯಿಯ ಹತ್ತಿರ ಬಿಡುತ್ತಿರಲಿಲ್ಲ, ಬೂದಿ ತೆಗೆಯಲು ಹಾಕಿದ್ದರು. ಹೊಳೆಯ ಆಚೆ, ತೊಕ್ಕೊಟ್ಟಿನ ಕಡೆಗೆ ಹೋಗುವ ದಾರಿಯಲ್ಲಿ ಊರಿನವರೊಬ್ಬರು ಹೊಸ ಕಾರ್ಖಾನೆ ಕಟ್ಟಿದರು. ಅಲ್ಲಿಯ ಭಟ್ಟಿ ಹೊಸ ಮಾದರಿಯದು. ಸಾಲಾಗಿ ಕೋಣೆಗಳು, ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದು ಹೋಗುತ್ತಾ ಸುತ್ತು ಬರುತ್ತದೆ, ವರ್ಷವಿಡೀ ಆರುವುದಿಲ್ಲ. ಚಿಕ್ಕಪ್ಪ ಒಂದು ದಿನ ಅದನ್ನು ನೋಡಿ ಬಂದ. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಹೇಳಿದ:

“ನಿಮ್ಮ ಕೈಕೆಳಗೆ ಇದ್ದರೆ ಬೂದಿ ತೆಗೆದು ತೆಗೆದು ನಾನೇ ಬೂದಿಯಾಗ್ತೇನೆ. ಅಲ್ಲಿ ಬೆಂಕಿ ಕೊಡ್ತಾರಂತೆ. ನಾನು ಹೋಗ್ತೇನೆ.”

“ಆ ಬೆಂಕಿ ಆದಿತ್ಯವಾರವೂ ಉರಿಯುತ್ತದೆ,” ಎಂದರು ಅಜ್ಜ.

“ಬೆಂಕಿಗೆ ವಾರ ಗೊತ್ತುಂಟಾ ಅಪ್ಪ?”

“ನಿನಗೆ ಗೊತ್ತಿರಬೇಕು.”

ಚಿಕ್ಕಪ್ಪ ಹೋದ. ಆದಿತ್ಯವಾರ ಭಟ್ಟಿಗೆ ಸೌದೆ ಹಾಕುತ್ತಾನೆಂದು ಮೂರು ಸಲ ಎಚ್ಚರಿಕೆ ಕೊಟ್ಟು, ಬಾರದಿದ್ದುದಕ್ಕೆ ಹಿರಿಯರ ಕೂಟ ಅವನ ಹೆಸರನ್ನು ಸಭೆಯಿಂದ ತೆಗೆಯಿತು. ತೆಗೆಯುವುದಕ್ಕೆ ಒಪ್ಪಿಗೆಯುಳ್ಳವರು ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ಅಜ್ಜನ ಕೈ. ಅಷ್ಟೇ ಅಲ್ಲ, ಅವನು ತಪ್ಪು ಒಪ್ಪಿಕೊಳ್ಳುವವರೆಗೆ ಈ ಹೊಸ್ತಿಲು ದಾಟಬಾರದು ಎಂದು ಮನೆಗೆ ಬಂದು ಹೇಳಿದರು. ಅಜ್ಜಿ ಆಗ ಮೀನು ಕೊಯ್ಯುತ್ತಿದ್ದಳು. ಕತ್ತಿ ನಿಲ್ಲಲಿಲ್ಲ, ಮಾತೂ ಬರಲಿಲ್ಲ. ಮುಂದಿನ ಶುಕ್ರವಾರ ಬಾಗಿಲು ತಟ್ಟಿದಾಗ ಮಾತು ಬಂತು.

ಹೀಗೆ ಭೋಜನದ ಹಿಂದಿನ ಏಳು ಶುಕ್ರವಾರಗಳಾದವು, ಅಂದರೆ ಎರಡು ವರ್ಷ ಆಗುತ್ತಾ ಬಂತು. ಪ್ರತಿ ಭೋಜನದ ದಿನ ಅಜ್ಜಿ ಮುಂದಿನ ಬೆಂಚಿನಲ್ಲೇ ಕುಳಿತುಕೊಳ್ಳುವಳು. ಹಿಂದೆ ಹೋಗಿ ಕುಳಿತರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ದೋರ್ಕಮ್ಮ ಉಪಾಯ ಹೇಳಿಕೊಟ್ಟಳು. “ಕಣ್ಣಿಗೆ ಬೀಳಲಿ ಮಾರಾಯ್ತಿ, ಅದಕ್ಕೇ ಕೂತದ್ದು,” ಎಂದಳು ಅಜ್ಜಿ. ರೊಟ್ಟಿಯ ತಟ್ಟೆ ಹಿಡಿದು ಅಜ್ಜ ಅವಳ ಮುಂದೆಯೇ ಹಾದುಹೋಗಬೇಕು. ಅವಳು ನೆಟ್ಟಗೆ ನೋಡುವಳು, ಅವರು ತಟ್ಟೆಯನ್ನು ನೋಡುವರು. ಸಭಾಪಾಲಕರು ಒಮ್ಮೆ ಮನೆಗೇ ಬಂದರು, ಬಹಳ ಮೆದುವಾದ ಮನುಷ್ಯ.

“ಸಲೋಮಿಬಾಯಿ, ಕರ್ತನು ಹೊರೆ ಹೊತ್ತವರನ್ನು ಕರೆಯುತ್ತಾನೆ. ನಿಮಗೆ ಬೇಡವೇ ಆ ವಿಶ್ರಾಂತಿ?”

“ಬೇಕು ಅಯ್ಯ. ಬೇಕಾದ್ದಕ್ಕೇ ಸಿಕ್ಕಿದೆ ಅಂತ ಸುಳ್ಳು ಹೇಳುವುದಿಲ್ಲ. ಸಿಕ್ಕದೆ ಸಿಕ್ಕಿದೆ ಅಂದರೆ ಆಮೇಲೆ ಅವನು ಕೊಡ್ಲಿಕ್ಕೆ ಬಂದಾಗ ಎಂತ ಹೇಳುವುದು? ಆಗಲೇ ಉಂಟು, ಹಿಂದೆ ಹೋಗು ಅಂತಲಾ?”

ಸಭಾಪಾಲಕರು ಕಾಪಿ ಕುಡಿದು ಹೋದರು.

ಇಷ್ಟರವರೆಗೆ ಇದು ಅವಳ ಜಗಳ. ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಆದಿತ್ಯವಾರಕ್ಕೆ ನನ್ನ ದೃಢೀಕರಣ ಎಂದು ನಿಶ್ಚಯವಾದಾಗ ಅದು ನನ್ನದೂ ಆಯಿತು. ಆ ದಿನ ಮೊದಲ ಸಲ ಭೋಜನಕ್ಕೆ ಹೋಗುವ ಹುಡುಗಿಯನ್ನು ಮನೆಯ ಹಿರಿಯ ಹೆಂಗಸು ಕೈಹಿಡಿದು ಮುಂದಕ್ಕೆ ಕರೆದುಕೊಂಡು ಹೋಗುವುದು ನಮ್ಮಲ್ಲಿಯ ರೂಢಿ. ನನ್ನ ತಾಯಿ ಘಟ್ಟದ ಮೇಲಿಂದ ಬರುವ ಸ್ಥಿತಿಯಲ್ಲಿರಲಿಲ್ಲ, ತುಂಬಿದ ಬಸುರಿ. ಅಜ್ಜಿ ಬಾರದಿದ್ದರೆ ನಾನು ಒಬ್ಬಳೇ ನಡೆಯಬೇಕು, ಅಥವಾ ದೋರ್ಕಮ್ಮನ ಕೈ ಹಿಡಿಯಬೇಕು. ದೋರ್ಕಮ್ಮ ಆಗಲೇ ಸೀರೆ ಒಗೆದು ಇಟ್ಟುಕೊಂಡಿದ್ದಳು. ನಾನು ಅತ್ತೆ, ಕಾಡಿದೆ.

“ಅಜ್ಜಿ, ಈ ಒಂದು ಸಲ ಉಂಟು ಅಂತ ಹೇಳಿ. ಎಲ್ಲರೂ ಹೇಳ್ತಾರೆ.”

“ಎಲ್ಲರ ಬಾಯಿ ಅವರವರದ್ದು.”

“ನಿಮಗೆ ನನಗಿಂತ ಆ ಚಿಕ್ಕಪ್ಪನೇ ದೊಡ್ಡದು. ನಿಮ್ಮ ಹಟ ದೊಡ್ಡದು. ನೀವು ಬರದಿದ್ದರೆ ನಾನು ಇನ್ನು ನಿಮ್ಮನ್ನು ಅಜ್ಜಿ ಅಂತ ಕರೆಯುವುದಿಲ್ಲ.”

ಅವಳು ಬೈಯಲಿಲ್ಲ. ನನ್ನ ಜಡೆ ಹೆಣೆಯುತ್ತಿದ್ದವಳು ಹೆಣೆದು ಮುಗಿಸಿದಳು, ತುದಿಗೆ ಲಾಡಿ ಕಟ್ಟಿದಳು.

“ಕೇಳು ಪ್ರಿಸ್ಕಾ. ದೇವರ ಎದುರಿಗೆ ನಿಂತು ಸುಳ್ಳು ಹೇಳಿ ನಿನ್ನ ಕೈ ಹಿಡಿದರೆ ಆ ಕೈಯಲ್ಲಿ ಎಂತ ಇರ್ತದೆ? ಬರೀ ಬೆರಳು. ನಾನು ಬರಬೇಕು ಅಂತ ನನಗೂ ಉಂಟು. ಸುಳ್ಳು ಹೇಳದೆ ಬರುವ ದಾರಿ ಹುಡುಕ್ತೇನೆ, ನಿಲ್ಲು.”

ಗರಿಗಳ ಆದಿತ್ಯವಾರಕ್ಕೆ ಒಂದು ವಾರ ಇತ್ತು. ಆ ಬೆಳಿಗ್ಗೆ ನಾನು ಎಚ್ಚರವಾದದ್ದು ಹೊಗೆಯ ವಾಸನೆಗೆ. ಅಜ್ಜಿ ಒಲೆಯ ಮುಂದೆ ಕುಳಿತು ಕೊಳವೆ ಊದುತ್ತಿದ್ದಳು. ಹಿರಿಯರ ಮನೆಯ ಮಾಡಿನಿಂದ ಆದಿತ್ಯವಾರ ಹೊಗೆ! ಅರೆಬೆಂದ ಹೆಂಚುಗಳ ಸಂದಿ ಸಂದಿಯಿಂದ ಅದು ಎದ್ದು ಗುಡ್ಡದ ಮೇಲೆ ನಿಂತಿತು. ಹೊರಗೆ ಒಂದೊಂದೇ ಬಾಗಿಲು ತೆರೆಯುವ ಸದ್ದು. ಅಜ್ಜ ಮುಖಕ್ಷೌರ ಮಾಡುತ್ತಿದ್ದವರು ಒಂದು ಕೆನ್ನೆಯಲ್ಲಿ ಸಾಬೂನಿನ ನೊರೆಯೊಂದಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಎಂತ ಮಾಡ್ತಾ ಇದ್ದಿ?”

“ಪುಂಡಿ.”

“ಇವತ್ತು ಯಾವ ದಿನ?”

“ಗೊತ್ತುಂಟು. ಎರಡು ವರ್ಷದಿಂದ ಯೋಸೇಫನಿಗೆ ಬಿಸಿ ಊಟ ನನ್ನ ಕೈಯಿಂದ ಸಿಕ್ಕಿಲ್ಲ. ಇವತ್ತು ಬಿಸಿಯಾದ್ದೇ ಕೊಡ್ತೇನೆ. ನಿಮಗೆ ಬೇಕಾದರೆ ನಿನ್ನೆಯದ್ದು ಉಂಟು, ಮುಚ್ಚಿಟ್ಟಿದ್ದೇನೆ.”

“ನಾನು ಹಿರಿಯ, ಸಲೋಮಿ.”

“ನಾನು ತಾಯಿ. ನೀವು ಹಿರಿಯ ಆಗುವ ಮೊದಲೇ ಆದದ್ದು.”

ಅಜ್ಜ ಅಲ್ಲೇ ನಿಂತರು. ನೊರೆ ಒಣಗಿತು. ಅವಳು ಪುಂಡಿಯನ್ನು ಬಾಳೆಲೆಯಲ್ಲಿ ಕಟ್ಟಿ, ಬಂಗುಡೆಯ ಗಸಿಯನ್ನು ತೂಕುಪಾತ್ರೆಗೆ ಸುರಿದು, ಅವರ ಪಕ್ಕದಿಂದಲೇ ಹೊರಗೆ ಬಂದಳು. ಆರಾಧನೆಯ ಮೊದಲ ಗಂಟೆ ಹೊಡೆಯಿತು. ಲೈನಿನವರೆಲ್ಲ ದೇವಾಲಯಕ್ಕೆಂದು ಮೇಲಕ್ಕೆ, ಅವಳೊಬ್ಬಳು ಹೊಳೆಯ ಕಡೆಗೆ ಕೆಳಕ್ಕೆ. ಆರಾಧನೆ ಮುಗಿದ ಮೇಲೆ ನನಗೆ ದೃಢೀಕರಣದ ಕೊನೆಯ ಪಾಠ, ತಪ್ಪಿಸಿದರೆ ಹೆಸರು ಬಿಡುತ್ತೇವೆ ಎಂದಿದ್ದರು. ನಾನು ಎರಡು ಹೆಜ್ಜೆ ಮೇಲಕ್ಕೆ ಇಟ್ಟೆ. ಆಮೇಲೆ ಎಂತ ಆಯಿತೋ, ತಿರುಗಿ ಓಡಿದೆ.

ಹೊಳೆ ದಾಟುವ ಕಡವಿನಲ್ಲಿ ದೋಣಿಯ ಅಬ್ಬು ಬ್ಯಾರಿ ನಮ್ಮನ್ನು ನೋಡಿ ಜಲ್ಲೆ ಕೆಳಗಿಟ್ಟ.

“ಎಂತ ಸಲೋಮಿಬಾಯಿ, ಇವತ್ತು ನಿಮ್ಮ ಇಗರ್ಜಿ ಹೊಳೆ ಆಚೆಗೆ ಹೋಗಿದೆಯಾ?”

“ಹೌದು ಬ್ಯಾರಿಗಳೇ. ಬೇಗ ದಾಟಿಸಿ, ಪ್ರಸಂಗ ಶುರುವಾಗ್ತದೆ.”

ಹೊಸ ಕಾರ್ಖಾನೆಯ ಭಟ್ಟಿ ಉದ್ದ ಮಲಗಿದ ಆನೆಯ ಹಾಗಿತ್ತು. ಮೇಲೆ ಮಾಡು, ಮಾಡಿನ ಕೆಳಗೆ ಭಟ್ಟಿಯ ಬೆನ್ನಿನ ಮೇಲೆ ಸಾಲಾಗಿ ಸಣ್ಣ ಸಣ್ಣ ತೂತು, ಕಬ್ಬಿಣದ ಮುಚ್ಚಳ. ಚಿಕ್ಕಪ್ಪ ಒಂದೊಂದೇ ಮುಚ್ಚಳ ತೆಗೆದು ಒಳಗೆ ಇಣುಕಿ ಸೌದೆ ಇಳಿಸುತ್ತಿದ್ದ. ನಮ್ಮನ್ನು ನೋಡಿ ಕೈಯಲ್ಲಿದ್ದ ಕೊರಡನ್ನು ಬಿಟ್ಟುಬಿಟ್ಟ.

“ಅಪ್ಪೆ! ಯಾರು ಸತ್ತರು?” ಎಂದ. ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ.

“ಯಾರೂ ಸಾಯಲಿಲ್ಲ. ಕೈ ತೊಳಿ. ತಣಿತದೆ.”

ಅವನು ನಿಂತೇ ತಿಂದ. ಎರಡು ಪುಂಡಿ ತಿನ್ನುವುದು, ಓಡಿ ಹೋಗಿ ಮುಚ್ಚಳ ತೆಗೆಯುವುದು, ಸೌದೆ ಇಳಿಸುವುದು, ಬಂದು ಮತ್ತೆರಡು ತಿನ್ನುವುದು. ಗಸಿ ಅವನ ಗಲ್ಲದಿಂದ ಇಳಿಯುತ್ತಿತ್ತು, ಕಣ್ಣಿನಿಂದಲೂ ಏನೋ ಇಳಿಯುತ್ತಿತ್ತು. ಹೊಗೆ ಎಂದ. ಅಜ್ಜಿ ಕೇಳಿದಳು:

“ಪ್ರಾರ್ಥನೆ ಮಾಡ್ತೀಯಾ, ಇಲ್ಲವಾ?”

“ಮಾಡ್ತೇನೆ ಅಪ್ಪೆ. ಒಂದು ಸಲ ಸೌದೆ ಹಾಕಿದ ಮೇಲೆ ಇನ್ನೊಂದು ಸಲ ಹಾಕುವವರೆಗೆ ಸ್ವಲ್ಪ ಹೊತ್ತು ಸಿಗ್ತದಲ್ಲ, ಅಷ್ಟರೊಳಗೆ ಎಷ್ಟು ಆಗ್ತದೋ ಅಷ್ಟು.”

“ಹಾಕು ಹಾಗಾದರೆ.”

ಅವನು ಸಾಲಿನ ಎಲ್ಲ ತೂತುಗಳಿಗೂ ಸೌದೆ ಇಳಿಸಿ ಬಂದ. ಮೂವರೂ ಭಟ್ಟಿಯ ಬೆನ್ನಿನ ಮೇಲೆಯೇ ತಲೆ ತಗ್ಗಿಸಿ ನಿಂತೆವು. ಕಾಲಡಿಯಲ್ಲಿ ಬಿಸಿ. ಅಜ್ಜಿ ತುಳುವಿನಲ್ಲಿ ಪ್ರಾರ್ಥಿಸಿದಳು. ಸಭೆಯಲ್ಲಿ ನಾವು ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದೆವು. ಮನೆಯ ಭಾಷೆಯಲ್ಲಿ ಅವಳು ದೇವರೊಡನೆ ಮಾತಾಡಿದ್ದನ್ನು ನಾನು ಅಲ್ಲೇ ಮೊದಲು ಕೇಳಿದ್ದು. ಉದ್ದವಿರಲಿಲ್ಲ. ಇವನು ಇಲ್ಲಿದ್ದಾನೆ, ನೀನೂ ಇಲ್ಲೇ ಇದ್ದಿ ಅಂತ ಈಗ ಗೊತ್ತಾಯಿತು, ನಾನು ಆಚೆ ದಡದಲ್ಲಿ ಹುಡುಕ್ತಾ ಇದ್ದೆ ಎಂದು ಹೇಳಿದಳು. ಆಮೆನ್ ಎನ್ನುವಷ್ಟರಲ್ಲಿ ಚಿಕ್ಕಪ್ಪ ಮತ್ತೆ ಮುಚ್ಚಳದ ಕಡೆಗೆ ಓಡಿದ.

ಆಮೇಲೆ ಅಜ್ಜಿ ಮೂಲೆಯಲ್ಲಿ ಮಡಚಿಟ್ಟಿದ್ದ ಗೋಣಿಯ ಮೇಲೆ ಕುಳಿತಳು. ಕುಳಿತವಳು ಒರಗಿದಳು. ಒರಗಿದವಳು ನಿದ್ದೆ ಹೋದಳು. ಹಗಲಲ್ಲಿ ಮಲಗಿದ ಅಜ್ಜಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೆಂಚು ಹೊತ್ತು ಹೊತ್ತು ನೆಟ್ಟಗಾಗಿ ಹೋಗಿದ್ದ ಅವಳ ಕುತ್ತಿಗೆ ಒಂದು ಕಡೆಗೆ ವಾಲಿ, ಬಾಯಿ ಸ್ವಲ್ಪ ತೆರೆದು, ಮಗುವಿನಂತೆ ಕಂಡಳು. ಜೊತೆಗಿದ್ದ ಇಬ್ಬರು ಕೆಲಸದವರು ಕೊರಡನ್ನು ಎತ್ತಿ ಹಾಕುವುದನ್ನು ಬಿಟ್ಟು ಮೆಲ್ಲಗೆ ಇಡತೊಡಗಿದರು. ಮಧ್ಯಾಹ್ನ ಇಳಿಯುವವರೆಗೂ ಅವಳನ್ನು ಯಾರೂ ಎಬ್ಬಿಸಲಿಲ್ಲ.

ಶುಕ್ರವಾರ ಬಾಗಿಲು ತಟ್ಟಿದ ಸದ್ದಾಯಿತು. ಆ ಐದು ದಿನ ಅಜ್ಜ ನಮ್ಮಿಬ್ಬರೊಡನೆ ಮಾತಾಡಿರಲಿಲ್ಲ. ಕೋಟು ಹಾಕಿಕೊಂಡು, ಕಾಲು ಒರೆಸಿ ಬಂದು, ಗೋಡೆ ನೋಡಿ ಅದೇ ಪ್ರಶ್ನೆ ಕೇಳಿದರು.

“ಉಂಟು,” ಎಂದಳು ಅಜ್ಜಿ.

ಅಜ್ಜ ಗೋಡೆಯನ್ನು ಬಿಟ್ಟು ಅವಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಹೋದರು.

ಶನಿವಾರ ಹಿರಿಯರ ಕೂಟ ನಮ್ಮಿಬ್ಬರನ್ನೂ ಕರೆಯಿತು. ನನ್ನನ್ನು ಪಾಠ ತಪ್ಪಿಸಿದ್ದಕ್ಕೆ, ಅಜ್ಜಿಯನ್ನು ಹೊಗೆಗೆ. ಐದು ಜನ ಹಿರಿಯರು, ನಡುವೆ ಸಭಾಪಾಲಕರು, ಕೊನೆಯಲ್ಲಿ ಅಜ್ಜ.

“ಒಲೆ ಹೊತ್ತಿಸಿದ್ದು ಹೌದಾ?” ಎಂದು ಒಬ್ಬ ಹಿರಿಯರು ಕೇಳಿದರು.

“ಹೌದು. ಇಡೀ ಗುಡ್ಡ ಕಂಡಿದೆ, ಇಲ್ಲ ಅಂದರೆ ಆಗ್ತದಾ?”

“ತಪ್ಪಾಯಿತು ಅಂತ ಒಂದು ಮಾತು ಹೇಳಿ, ಮುಗಿಯಿತು. ಮಗುವಿನ ದೃಢೀಕರಣಕ್ಕೂ ತೊಂದರೆ ಇಲ್ಲ.”

ನಾನು ಅಜ್ಜಿಯ ಸೆರಗು ಹಿಡಿದಿದ್ದೆ. ಆ ಗಳಿಗೆಯಲ್ಲಿ ಅವಳು ಹೇಳಿಬಿಡಲಿ ಎಂದು ಆಸೆಯಾಗಿತ್ತೋ, ಹೇಳದಿರಲಿ ಎಂದೋ, ಇಂದಿಗೂ ನನಗೆ ಸ್ಪಷ್ಟವಿಲ್ಲ.

“ಹೇಳುವುದಿಲ್ಲ ಅಯ್ಯ. ಎರಡು ವರ್ಷ ನೀವು ಉಂಟಾ ಅಂತ ಕೇಳಿದಿರಿ, ಇಲ್ಲದ್ದಕ್ಕೆ ಇಲ್ಲ ಅಂದೆ. ಈಗ ಸಿಕ್ಕಿದೆ. ಸಿಕ್ಕಿದ್ದು ಆ ಭಟ್ಟಿಯ ಮೇಲೆ, ಆದಿತ್ಯವಾರ, ಆರಾಧನೆಯ ಹೊತ್ತಿಗೆ. ಅದು ತಪ್ಪು ಅಂತ ಹೇಳಿದರೆ ಕೊಟ್ಟವನ ಮುಖಕ್ಕೆ ಹಿಂದೆ ಎಸೆದ ಹಾಗೆ. ನನ್ನನ್ನು ಬೆಂಚಿನಲ್ಲಿ ಕೂರಿಸಿ, ಅಭ್ಯಾಸ ಉಂಟು. ಮಗುವನ್ನು ಬಿಡಬೇಡಿ. ಅವಳು ಅಜ್ಜಿಯ ಹಿಂದೆ ಬಂದದ್ದು, ಸೈತಾನನ ಹಿಂದೆ ಅಲ್ಲ.”

ಸಭಾಪಾಲಕರು ಅಜ್ಜನ ಕಡೆಗೆ ತಿರುಗಿದರು.

“ಗಿದ್ಯೋನ ಮೇಸ್ತ್ರಿಗಳೇ, ಕೇಳಿದವರು ನೀವು. ಆಕೆಗೆ ಸಮಾಧಾನ ಉಂಟೆಂದು ನಿಮಗೆ ಕಾಣುತ್ತದೋ?”

ಅಜ್ಜ ಎದ್ದು ನಿಂತರು. ಒಂದು ಕೈಯಿಂದ ಮೇಜನ್ನು ಹಿಡಿದುಕೊಂಡರು.

“ಉಂಟು. ನಲವತ್ತು ವರ್ಷದಿಂದ ಈ ಮುಖ ನೋಡ್ತಾ ಇದ್ದೇನೆ, ನನಗೆ ಗೊತ್ತಾಗ್ತದೆ. ಎಲ್ಲರ ಮನೆಯಲ್ಲೂ ನಾನು ಕೇಳಿದೆ. ನನ್ನನ್ನು ಇದುವರೆಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನಬೇಕಿತ್ತು. ನಾಳೆ ತಟ್ಟೆ ಬೇರೆ ಯಾರಾದರೂ ಹಿಡಿಯಲಿ.”

ಕೂಟ ನಮ್ಮಿಬ್ಬರನ್ನೂ ತಡೆಯಲಿಲ್ಲ. ಹಾಗೆ ಗರಿಗಳ ಆದಿತ್ಯವಾರ ನಾನು ಅಜ್ಜಿಯ ಕೈ ಹಿಡಿದು ಮುಂದಕ್ಕೆ ನಡೆದೆ. ಅವಳ ಅಂಗೈ ಹಲಗೆಯಷ್ಟು ಒರಟು. ಅವಳು ರೊಟ್ಟಿಯನ್ನು ಹಸಿದವರು ತಿನ್ನುವ ಹಾಗೆ ತಿಂದಳು, ನಾಚಿಕೆಯಿಲ್ಲದೆ ಜಗಿದು. ಅಜ್ಜ ಮುಂದಿನ ಬೆಂಚಿನಲ್ಲಿ, ಎರಡು ವರ್ಷ ಅವಳು ಕುಳಿತಲ್ಲಿ ಕುಳಿತಿದ್ದರು. ದೋರ್ಕಮ್ಮ ಆಮೇಲೆ ಬಾವಿಕಟ್ಟೆಯಲ್ಲಿ, “ಗಂಡನನ್ನು ಬೆಂಚಿಗೆ ಹಾಕಿದಳು ನೋಡಿ,” ಎಂದಳಂತೆ. ಅಜ್ಜಿ ಅದಕ್ಕೆ, “ಇನ್ನು ಮುಂದೆ ನಿನ್ನನ್ನು ಕೇಳುವಾಗ ಯೋಚನೆ ಮಾಡಿ ಹೇಳು,” ಎಂದು ಕೊಡ ಎತ್ತಿಕೊಂಡು ಬಂದಳು.

ಗರಿಗಳ ಹಬ್ಬ ಕಳೆದ ಮೂರನೆಯ ಶನಿವಾರ ಅಜ್ಜ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು, ಹೊಳೆ ಆಚೆ ಹೋಗಿ ಬರ್ತೇನೆ ಎಂದು ಹೊರಟರು. ರಾತ್ರಿ ಬರಲಿಲ್ಲ. ಆದಿತ್ಯವಾರ ಆರಾಧನೆಗೆ ನಾನೂ ಅಜ್ಜಿಯೂ ಹೋಗಿ ಬಂದೆವು. ಅವರ ಜಾಗ ಖಾಲಿ ಇತ್ತು. ಸೋಮವಾರ ಬೆಳಿಗ್ಗೆ ಕೆಲಸದ ಗಂಟೆಗೆ ಮುಂಚೆ ಗುಡ್ಡ ಹತ್ತಿ ಬಂದರು. ಬಿಳಿ ಮುಂಡು ಮಸಿಯಾಗಿತ್ತು, ಎರಡೂ ಹುಬ್ಬುಗಳ ಕೂದಲು ಸುಟ್ಟು ಸುರುಟಿತ್ತು. “ಅವನು ಭಟ್ಟಿಯಲ್ಲಿ ಗಾಳಿಯ ದಾರಿ ಹೆಚ್ಚು ಬಿಡ್ತಾನೆ, ಹೇಳಿಕೊಟ್ಟು ಬಂದೆ,” ಎಂದರು. ಅಜ್ಜಿ ಎಂತದ್ದೂ ಕೇಳಲಿಲ್ಲ. ನೀರು ಕಾಯಿಸಿ, ಬಚ್ಚಲಿನಲ್ಲಿ ಕೂರಿಸಿ, ಬೆನ್ನು ಉಜ್ಜಿಕೊಟ್ಟಳು.